ಬಳ್ಳೊಳ್ಳಿ ಯಾರ ಮನೀದು

ಅದಕ್ಕ ಹೇಳಾಕತ್ತೇನಿ, ನಾ ಆ ಸಮಾರಂಭಕ್ಕ ಹೋಗಂಗಿಲ್ಲ, ನಿಮ್ಮ ಅಬ್ಬಾ ಏನರ ಅನ್ಲಿ. ಮೊನ್ನಿ ಜೇವರ್ಗಿ ಬಸ್‌ಸ್ಟ್ಯಾಂಡಿನ್ಯಾಗ ಕುಂತಿದ್ದೆ, ಇಸ್ತ್ರಿ ಅಂಗಿ ಹಾಕ್ಕೊಂಡ ಒಬ್ಬಾಂವ ಬಂದು ಎಲ್ಲಾರ ಮುಂದ ಕಾಲು ಮುಟ್ಟಿದ. ‘ಅಕ್ಕೋರ, ನಾ ಶರಣಪ್ಪರಿ, ನಿಮ್ಮ ಕೈಯಾಗ ಕಲ್ತಾಂವ’ ಅಂದ. ಈಗ ಕಲಬುರಗ್ಯಾಗ ವಕೀಲ ಅಂತ. ಅವನ್ನ ನಾ ಹೆಂಗ ಮರೀಲಿ?

ನೆಲೋಗಿ ಕಡೆ ಒಂದು ಹಳ್ಳ್ಯಾಗ ನನ್ನ ಮೊದಲನೇ ನೌಕರಿ, ನಿಮ್ಮ ಅಬ್ಬಾ ಇನ್ನಾ ಕೂಸು. ಅಲ್ಲ, ಕೂಸಲ್ಲ, ಓಡ್ಯಾಡ್ತಿದ್ದ. ಆ ವರ್ಷ ಮಳಿ ಹಂತಾದ್ದು ಹೊಡೀತು, ಊರ ಹಗೇವಿಗೆಲ್ಲಾ ನೀರು ಹೊಕ್ಕಿತು. ಹಗೇವು ಅಂದ್ರ ಜ್ವಾಳ ಇಡೂ ನೆಲದಾಗಿನ ಕುಣಿ, ನೀವೆಲ್ಲಿ ನೋಡೀರಿ. ಜ್ವಾಳ ಕೊಳತು ಹೋತು, ನನ್ನ ಪಗಾರ ಯಾವಾಗ ಬರ್ತದಂತ ಯಾರಿಗೂ ಗೊತ್ತಿಲ್ಲ. ಇಂವ ಶರಣ್ಯಾ ಒಂದಿನ ಪ್ರಾರ್ಥನಿಗೆ ನಿಂತಾಂವ ನಿಂತಲ್ಲೇ ಬಿದ್ದ. ಹೊಟ್ಟ್ಯಾಗ ಏನಿಲ್ಲ, ಪಾಪ. ನನ್ನ ಡಬ್ಬ್ಯಾಗಿನ ರೊಟ್ಟಿ, ಪುಂಡಿಪಲ್ಯ ಕೊಟ್ಟೆ, ಗಬಗಬ ತಿಂದ, ಮನಿಗೂ ಎರಡು ರೊಟ್ಟಿ ಕಟ್ಟಿ ಕೊಟ್ಟೆ. ಮರುದಿನ ಅವರವ್ವ ಬಂದಳು ನೋಡ್ರಿ, ನಾ ಕೊಟ್ಟು ಕಳಿಸಿದ ರೊಟ್ಟಿ ತಂದು ನನ್ನ ಅಂಗಳದಾಗ ಒಗದಳು. ‘ನಿಮ್ಮಂಥವರ ಮನೀದು ತಿನ್ನೂಕಿಂತ ನನ್ನ ಮಗ ಉಪಾಸ ಸಾಯ್ಲಿ’ ಅಂದಳು.

ನಾ ಏನ ಮಾಡ್ಲಿ? ಹುಡುಗ ಕಣ್ಣಮುಂದ ಸೊರಗಾಕತ್ತಾನ. ಹೆಡ್ ಮಾಸ್ತರಗ ಹೇಳಿದೆ, ಸರ, ರೊಟ್ಟಿ ಪಲ್ಯ ನಾ ತರ್ತೇನಿ, ನಿಮ್ಮ ಮನೀದಂತ ನೀವು ಕೊಡ್ರಿ, ನನ್ನ ಹೆಸರು ತಗೀಬ್ಯಾಡ್ರಿ. ಭಾಳ ಒಳ್ಳೆಯವರು, ಒಪ್ಪಿದರು, ಸಾಯೂತನಕಾ ಬಾಯಿ ಬಿಡಲಿಲ್ಲ. ಮಾಸ್ತರ ಮನೀದು ಅಂದ್ರ ಶರಣ್ಯಾನ ಅವ್ವಗೂ ನಡೀತು. ನಾ ಮುಂಜಾನೆ ಅರಿವ್ಯಾಗ ಸುತ್ತಿ ಒಯ್ತಿದ್ದೆ, ರಾತ್ರಿ ಮನ್ಯಾಗ ನಿಮ್ಮ ಅಬ್ಬಾ ಇನ್ನೊಂದ್ ತುಣುಕು ಅಂತ ಅಳ್ತಿದ್ದ, ನಾ ನೀರು ಕುಡಿಸಿ ಮಲಗಿಸ್ತಿದ್ದೆ. ಆ ಅಳು ನನಗ ಈಗೂ ಕೇಳಸ್ತದ.

ಹ್ಞಾ, ಬಸ್‌ಸ್ಟ್ಯಾಂಡ್. ಶರಣಪ್ಪ ಚಾ ತರಿಸಿದ. ಶಾಲ್ಯಾಗ ಊಟದ ಕೋಣಿ ಕಟ್ಟಿಸ್ಯಾನಂತ, ಹೆಡ್ ಮಾಸ್ತರ ಹೆಸರಿಲೆ. ಅದರ ಸಮಾರಂಭಕ್ಕ ನಾ ಬಂದು ಅವರ ಬಗ್ಗೆ ನಾಕು ಮಾತಾಡಬೇಕಂತ. ‘ಆಗ ಊರಾಗ ಮತ್ಯಾರೂ ನನ್ನ ಕಡೆ ನೋಡಲಿಲ್ಲ್ರಿ ಅಕ್ಕೋರ. ಅವರ ಮನೀ ಪುಂಡಿಪಲ್ಯ, ಆ ಬಳ್ಳೊಳ್ಳಿ ವಗ್ಗರಣಿ, ಇನ್ನಾ ನಾಲಿಗಿ ಮ್ಯಾಲದ’ ಅಂದ. ನನಗ ಎದಿ ಉರೀತು. ಖರೇ ಹೇಳ್ತೇನಿ, ಸುಮ್ನಿರಬೇಕಂತ ಮಾಡಿದ್ದೆ, ಆಗಲಿಲ್ಲ. ‘ಶರಣಪ್ಪ, ಹೆಡ್ ಮಾಸ್ತರ ಮಡಿ ಮನ್ಯಾಗ ಉಳ್ಳಾಗಡ್ಡಿ, ಬಳ್ಳೊಳ್ಳಿ ಹೊಸ್ತಿಲ ದಾಟ್ತಿರಲಿಲ್ಲ. ನಿನಗೂ ಗೊತ್ತದ. ಹಂಗಾರ ಆ ಬಳ್ಳೊಳ್ಳಿ ಯಾರ ಮನೀದು?’ ಅಂದೆ.

ಅವಗ ತಿಳೀತು. ವಕೀಲ ಇದ್ದಾನಲ್ಲ, ತಿಳೀಲಿಲ್ಲ ಅನ್ನಂಗಿಲ್ಲ. ಕಣ್ಣಾಗ ನೀರೂ ಬಂತು. ನಾ ಹುಚ್ಚಿ, ಈಗರ ಒಂದು ಮಾತು ಅಂತಾನ ಅಂದ್ಕೊಂಡೆ. ಅಂವ ಅತ್ತಾಗ ಇತ್ತಾಗ ನೋಡಿ ಸಣ್ಣ ದನ್ಯಾಗ ಅಂದ, ‘ಅಕ್ಕೋರ, ಇದನ್ನ ಅಲ್ಲಿ ಹೇಳಬ್ಯಾಡ್ರಿ. ನಮ್ಮವ್ವ ಇನ್ನಾ ಅದಾಳ.’

ನಾ ಎದ್ದು ಬಸ್ ಹತ್ತಿದೆ. ಏಳ್ರಿ ಇನ್ನ, ರೊಟ್ಟಿ ಆರ್ತಾವ. ಯಾರಿಗರ ಕೊಡೂದಿದ್ರ ನಿಮ್ಮ ಕೈಲೇ ಕೊಡ್ರಿ. ಒಲ್ಲೆ ಅಂದ್ರ ವಾಪಸ್ ತಂದು ನಿಮ್ಮ ಕೂಸಿಗೆ ಉಣಸ್ರಿ.