ಬಾಗಿದ ಕಿವಿಯ ಕುರಿನಾಯಿ

ಬೆಕ್ಕಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಪಶುವೈದ್ಯರಿಗಾಗಿ ಕಾಯುತ್ತಿದ್ದ ಟೈಲರಮ್ಮನಿಗೆ ಬೇಡವೆಂದರೂ ಎದುರು ಬೆಂಚಿನ ಮಾತು ಕೇಳಿಸುತ್ತಿತ್ತು. ಅಲ್ಲಿ ಕುರಿ ಸಾಕುವ ಮುದುಕಿ, ಅವಳ ಅಳಿಯ. ನಡುವೆ ಒಂದು ಕಿವಿ ಬಾಗಿದ ಕುರಿನಾಯಿ.

"ಸೂಜಿ ಹಾಕ್ಸೋಣ ಅಂತ ಕರ್ಕೊಂಡು ಬಂದು ಈಗ ಬೀಜ ತೆಗ್ಸೋ ಮಾತಾಡ್ತೀರಲ್ಲ ಅಳಿಯಂದ್ರೇ!"

"ತಳಿ ಸಂಘದ ನಿಯಮ ಅತ್ತೆ. ಎರಡೂ ಕಿವಿ ನೆಟ್ಟಗಿರಬೇಕು. ಇವನಿಂದ ಮರಿ ಆಗಬಾರದು."

"ಸಂಘಕ್ಕೆಷ್ಟು ವಯಸ್ಸು?"

"ಹನ್ನೆರಡು ವರ್ಷ."

"ಈ ತಳಿ ನಮ್ಮಜ್ಜಿ ಕಾಲದ್ದು. ಅವಳು ಕಿವಿ ನೋಡ್ತಿರಲಿಲ್ಲ. ಮರಿಗಳನ್ನ ಬಾತುಕೋಳಿ ಹಿಂಡಿಗೆ ಬಿಡೋಳು. ಬೊಗಳಿದ್ದು, ಕಚ್ಚಿದ್ದು ಮನೆ ಕಾವಲಿಗೆ. ಸದ್ದಿಲ್ದೆ ಸುತ್ತು ಹಾಕಿ, ಬರೀ ಕಣ್ಣಲ್ಲೇ ಹಿಂಡು ನಿಲ್ಸಿದ್ದು ಮಾತ್ರ ಕುರಿ ಕಾಯೋಕೆ, ಮರಿ ಮಾಡ್ಸೋಕೆ. ಇವನು ಹಾಗೆ ಗೆದ್ದು ಬಂದವನು."

"ಸಂಘದ ತಳಿಪತ್ರ ಇಲ್ದಿದ್ರೆ ಬೀದಿನಾಯಿ ಅಂತಾರೆ. ಸಂಘದಲ್ಲಿ ನನ್ನ ಮರ್ಯಾದೆ ಏನಾಗ್ಬೇಕು?"

"ಸಂಘದ ಪದಕ ಗೆದ್ದ ನಿಮ್ಮ ನಾಯಿ ಮೊನ್ನೆ ನಮ್ಮ ಟಗರು ಗುರಾಯಿಸಿದ್ದಕ್ಕೇ ನಿಮ್ಮ ಕಾಲಸಂದೀಲಿ ಅಡಗಿತ್ತಲ್ಲ, ಆಗ ಎಲ್ಲಿತ್ತಪ್ಪ ಮರ್ಯಾದೆ?"

ಟೈಲರಮ್ಮ ನಗು ತಡೆಯಲು ಬುಟ್ಟಿಯ ಮೇಲೆ ಬಗ್ಗಿದಳು.

"ಅದು ಚಿಕ್ಕದು ಅತ್ತೆ, ಇನ್ನೂ ಕಲೀಬೇಕು."

"ಐದು ವರ್ಷದ್ದು!"

ಕಾಂಪೌಂಡರ್ ಬಾಗಿಲಿಂದ ಇಣುಕಿದ. "ಕುರಿನಾಯಿ ಆಪರೇಷನ್ ಯಾರದ್ದು?"

ಮುದುಕಿ ಎದ್ದಳು. "ನಾಯಿ ನಂದು, ಆಪರೇಷನ್ ಇವರದ್ದು. ನನ್ನ ನಾಯಿಗೆ ಸೂಜಿ ಮಾತ್ರ ಹಾಕಿ."

"ಅತ್ತೆ, ಹಟ ಬೇಡಿ. ಮುಂದೆ ಮರಿ ಹುಟ್ಟಿದ್ರೆ ಸಂಘದವರಿಗೆ ಏನಂತ ಹೇಳ್ಲಿ?"

"ಮುಂದೆ ಯಾಕೆ, ಇವತ್ತೇ ಹೇಳಿ. ನಮ್ಮನೆ ಹೆಣ್ಣುನಾಯಿಗೆ ಇವನಿಂದ ಆಗಲೇ ಹೊಟ್ಟೆ ಬಂದಿದೆ."

ನಾಯಿಯನ್ನು ಮುಂದೆ ಬಿಟ್ಟುಕೊಂಡು ಮುದುಕಿ ಒಳಗೆ ಹೋದಳು. ಅಳಿಯ ಹಿಂದೆಯೇ ನಡೆದ.