ತೊಗರಿ ಹೊಲದ ಮೇಲೆ ಹಾದುಹೋದ ಬೆಳಕು

ನಾನು ಮೈತ್ರಿ ಗಂಡ ಸುರೇಶಕುಮಾರ, ವಯಸ್ಸು 36, ಪ್ರೌಢಶಾಲಾ ಶಿಕ್ಷಕಿ, ಸಾಕಿನ್ ಸುಲೇಪೇಟ, ತಾಲೂಕು ಚಿಂಚೋಳಿ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ದಿನಾಂಕ 3-12-2024ರಂದು ನನ್ನ ಕಾರಿನಲ್ಲಿ ಒಬ್ಬಳೇ ಶಹಾಬಾದಕ್ಕೆ ಹೋಗಿ, ಅಡುಗೆಮನೆಯ ನೆಲಕ್ಕೆಂದು ಹತ್ತು ಫರಸಿ ಕಲ್ಲುಗಳನ್ನು ಡಿಕ್ಕಿಯಲ್ಲಿ ಹಾಕಿಸಿಕೊಂಡು ಹೊರಟೆ. ಭಾರಕ್ಕೆ ಕಾರಿನ ಹಿಂಭಾಗ ಕುಗ್ಗಿ ಮುಂಭಾಗ ಎದ್ದಿತ್ತು. ಅದರಿಂದ ದೀಪದ ಬೆಳಕೂ ಮೇಲೇರುತ್ತದೆಂದು ನನಗೆ ಹೊಳೆಯಲಿಲ್ಲ. ಸಾಯಂಕಾಲ 6-20ಕ್ಕೆ ಸೇಡಂ ದಾಟುವಾಗ ಕತ್ತಲಾಗಿತ್ತು. ಎದುರು ಬಂದ ಐದಾರು ವಾಹನಗಳವರು ನನ್ನತ್ತ ದೀಪ ಮಿಣುಕಿಸಿದರು. ನನ್ನದು ಡಿಮ್ಮಿನಲ್ಲೇ ಇದ್ದುದರಿಂದ, ಅವರಿಗೇ ಸೊಕ್ಕು ಎಂದುಕೊಂಡು ನಾನೂ ತಿರುಗಿ ಮಿಣುಕಿಸಿದೆ.

6-50ರ ಸುಮಾರಿಗೆ, ಸುಲೇಪೇಟ ಇನ್ನೂ 6 ಕಿ.ಮೀ. ಇರುವಾಗ, ಎದುರಿನಿಂದ ಒಂದು ಮೋಟರ್ ಸೈಕಲ್ ಬಂತು. ಸವಾರ ಒಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದಿದ್ದ. ಕಾರಿಗೆ ತಾಗಲಿಲ್ಲ. ನನ್ನನ್ನು ದಾಟಿದ ಕೂಡಲೇ ಕಬ್ಬಿಣ ರಸ್ತೆಗೆ ಉಜ್ಜಿದ ಸದ್ದು ಕೇಳಿತು. 60 ಮೀಟರ್ ಮುಂದೆ ನಿಲ್ಲಿಸಿದೆ. ಜನ ಸೇರಿ ಹೊಡೆಯುತ್ತಾರೆಂದು ಹೆದರಿ, ಬಾಗಿಲ ಲಾಕ್ ಹಾಕಿಕೊಂಡು ಒಂದು ನಿಮಿಷ ಒಳಗೇ ಕುಳಿತಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಯಾರೂ ಬರಲಿಲ್ಲ. ಆಗ ಇನ್ನೂ ಹೆಚ್ಚು ಭಯವಾಯಿತು.

ಕಾರನ್ನು ಹಿಂದಕ್ಕೆ ತಂದು ಇಳಿದೆ. ರಸ್ತೆಯ ಅಂಚಿನಲ್ಲಿ ಬಿದ್ದಿದ್ದವರು ಅಬ್ದುಲ್ ಮಜೀದ ಎಂಬ ದರ್ಜಿ ಎಂದು ನಂತರ ತಿಳಿಯಿತು. ಬಲಗೈ ತಿರುಚಿಕೊಂಡಿತ್ತು. ಅವರು, "ನನ್ ಮಗಳು ಎಲ್ಲದಾಳ್ರಿ? ಹಿಂದ ಕುಂತಿದ್ಲು. ಏಳು ವರ್ಸದಾಕಿ," ಎಂದರು. ನಾನು ಮೊದಲು ನೋಡಿದ್ದು ನನ್ನ ಕಾರಿನ ಅಡಿಯಲ್ಲಿ. ಮೊಬೈಲ್ ಬೆಳಕು ಹಿಡಿದು ಎರಡು ಸಲ ನೋಡಿದೆ. ಅಲ್ಲಿರಲಿಲ್ಲ.

6-58ಕ್ಕೆ 108ಕ್ಕೆ ಫೋನ್ ಮಾಡಿದೆ. ತಂದೆ ಹೇಳಿದ ಹೆಸರು ಹಿಡಿದು ಮಹೆಕ್, ಮಹೆಕ್ ಎಂದು ಕೂಗಿದೆ, ಉತ್ತರ ಬರಲಿಲ್ಲ. ಪಕ್ಕದಲ್ಲಿ ಆಳೆತ್ತರದ ತೊಗರಿ ಹೊಲ, ರಸ್ತೆಗಿಂತ ಮೂರು ಅಡಿ ಕೆಳಗೆ. ಕಾರನ್ನು ಹೊಲದ ಕಡೆ ತಿರುಗಿಸಿದೆ. ಬೆಳಕು ತೊಗರಿಯ ತುದಿಗಳ ಮೇಲೆ ಹಾದು ದೂರದ ಬೇವಿನ ಮರಕ್ಕೆ ಹೋಗಿ ಬಿತ್ತು. ಬುಡದಲ್ಲೆಲ್ಲ ಕತ್ತಲೆ.

ಆಗ ದೇವಿಂದ್ರ ಎಂಬ ರೈತರು ಮೊಪೆಡ್ ಮೇಲೆ ಬಂದರು. ಹಿಂದೆ ಲಾರಿ ಓಡಿಸಿದವರು. ಮಗು ಕಾಣುತ್ತಿಲ್ಲವೆಂದು ನಾನು ಹೇಳಿದ್ದನ್ನು ಕೇಳಿ, ಕಾರು ನೋಡಿದವರೇ, "ಏನ್ರಿ ಮೇಡಂ, ನಿಮ್ಮ ಲೈಟ್ ಮುಗಿಲ್ ನೋಡಾಕತ್ತದ! ಆ ಹೊಲದಾಗ ಬಾವಿ ಅದ, ಕಟ್ಟಿ ಇಲ್ಲ," ಎಂದರು. ಅವರೇ ಕಾರಿನ ಒಳಗೆ ಕೈಹಾಕಿ, ಸ್ಟೇರಿಂಗಿನ ಬಲಕ್ಕೆ ಇದ್ದ ಸಣ್ಣ ಚಕ್ರವನ್ನು ಸೊನ್ನೆಯಿಂದ ಮೂರಕ್ಕೆ ತಿರುಗಿಸಿದರು. ನಾಲ್ಕು ವರ್ಷದಿಂದ ಕಾರು ನಡೆಸುತ್ತಿದ್ದರೂ ಅದು ಏತಕ್ಕೆಂದು ನಾನು ಕೇಳಿರಲಿಲ್ಲ. ಬೆಳಕು ಸ್ವಲ್ಪ ಇಳಿಯಿತು. ಸಾಲದೆಂದು, "ಕಲ್ಲು ಇಳಸ್ರಿ, ಲಗೂ," ಎಂದರು. ಇಬ್ಬರೂ ಹತ್ತು ಕಲ್ಲುಗಳನ್ನು ರಸ್ತೆಗೆಳೆದು ಹಾಕಿದೆವು. ಒಂದೊಂದು ಕಲ್ಲಿಗೂ ಬೆಳಕು ಕೆಳಗೆ ಸರಿಯಿತು.

7-12ಕ್ಕೆ ನಾಲ್ಕನೇ ಸಾಲಿನ ಬುಡದಲ್ಲಿ ಹಸಿರು ಫ್ರಾಕ್ ಕಂಡಿತು. ಮಗು ಮೊಣಕಾಲಲ್ಲಿ ಮುಖ ಹುದುಗಿಸಿ, ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು ಕುಳಿತಿತ್ತು. ಬಾವಿ ಅಲ್ಲಿಂದ ಹನ್ನೊಂದು ಹೆಜ್ಜೆ. ಯಾಕೆ ಓಗೊಡಲಿಲ್ಲವೆಂದು ಕೇಳಿದ್ದಕ್ಕೆ, "ಆ ಗಾಡಿ ಮತ್ತ ನಮ್ ಮ್ಯಾಲ ಬರ್ತದಂತ ಅಡಗಿದ್ದೆ," ಎಂದಿತು. ದೀಪ ಆರಿಸುವವರೆಗೂ ರಸ್ತೆಗೆ ಬರಲು ಒಪ್ಪಲಿಲ್ಲ. ಆರಿಸಿದೆ. ಆಂಬುಲೆನ್ಸ್ ಬರುವವರೆಗೆ ಹದಿನೆಂಟು ನಿಮಿಷ ಕತ್ತಲಲ್ಲೇ ನಿಂತೆವು. ಮಗು ಒಂದು ಕೈಯಿಂದ ಅಪ್ಪನ ಅಂಗಿಯನ್ನು, ಇನ್ನೊಂದರಿಂದ ನನ್ನ ಸೀರೆಯ ಸೆರಗನ್ನು ಹಿಡಿದಿತ್ತು. ಆ ಕಾರು ನನ್ನದೆಂದು ಅದಕ್ಕೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಮಜೀದರ ಭುಜದ ಮೂಳೆ ಮುರಿದಿದೆ. ಮಗುವಿಗೆ ತರಚಿದ ಗಾಯಗಳಷ್ಟೇ. ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವರು, ಉಸುಕಿನಲ್ಲಿ ಗಾಡಿ ಜಾರಿತೆಂದು ಬರೆಸಿಬಿಡುವುದಾಗಿಯೂ, ನಾನು ಹೆದರಬಾರದೆಂದೂ ಹೇಳಿದರು. ರಸ್ತೆಯಲ್ಲಿ ಉಸುಕು ಇರಲಿಲ್ಲ. ಆದ್ದರಿಂದ ಅವರ ಹೇಳಿಕೆ ಬರುವ ಮೊದಲೇ ನನ್ನ ಹೇಳಿಕೆ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಸುಲೇಪೇಟ
ದಿನಾಂಕ: 4-12-2024
ಸಹಿ: ಮೈತ್ರಿ