ಬಾವಿಯಿಂದ ಬಂದ ಟೋಪಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಇದು ನಮ್ಮ ಚಿಕ್ಕಪ್ಪ ಅಸಾಹೆಲ್‌ಗೇ ಆದದ್ದು. ಇಂಗ್ಲೆಂಡಿನ ರಾಜನ ದಂಡನ್ನು ಓಡಿಸಿ ಎಂಟು ವರ್ಷವಾಗಿತ್ತು. ಚಿಕ್ಕಪ್ಪ ನಮ್ಮ ಕನೆಕ್ಟಿಕಟ್ ಹಳ್ಳಿಯ ಪೇದೆ. ಅವತ್ತು ಊರಸಭೆ ಮುಗಿದಾಗ ಕಗ್ಗತ್ತಲು. ಕ್ಯಾಪ್ಟನ್ ಜೋಥಮ್ ಥ್ರಾಲ್ ಜೊತೆ, ವಿಧವೆ ಡಾರ್ಕಸ್‌ಳ ಗುಡಿಸಲ ಮುಂದಿನ ಬಾವಿ ಹಾದು ಮನೆಗೆ ಬರುತ್ತಿದ್ದ.

ಕ್ಯಾಪ್ಟನ್ ಅಂದರೆ... ಥೂ! ಯುದ್ಧದಲ್ಲಿ ಆ ಬಾವಿಯ ಹತ್ತಿರ ಗುಂಡು ಹಾರಿದಾಗ ನಮ್ಮ ದಂಡಿನ ಡೋಲು ಬಾರಿಸುತ್ತಿದ್ದ ಡಾರ್ಕಸ್‌ಳ ಗಂಡ ಸೈಲಸ್ ಸತ್ತ. ಈ ಮಹಾಶೂರ ಮಾತ್ರ ಮೈಯೆಲ್ಲ ಒದ್ದೆ ಮಾಡಿಕೊಂಡು ಬಂದ. ಹೊಳೆ ಈಜಿ ವೈರಿಗಳನ್ನ ಅಟ್ಟಿಸಿಕೊಂಡು ಹೋಗಿದ್ದನಂತೆ! ಟೋಪಿಗೆ ಗುಂಡು ತಗುಲಿದ ತೂತು ಬೇರೆ. ಆ ತೂತು ತೋರಿಸಿ ತೋರಿಸಿಯೇ ಪ್ರತಿ ಚುನಾವಣೆ ಗೆದ್ದು ಊರ ಯಜಮಾನನಾದ.

ಈಗ ಅವನ ಹುಕುಂ ಏನು ಗೊತ್ತಾ? ಡಾರ್ಕಸ್ ಬೇರೆ ಊರಲ್ಲಿ ಹುಟ್ಟಿದವಳು, ಬಡವಿ, ಊರಿಗೆ ಹೊರೆ. ಹಿಮ ಬೀಳೋ ಮುಂಚೆ ಊರು ಬಿಡಬೇಕು.

"ಎರಡು ಮಕ್ಕಳನ್ನ ಕಟ್ಕೊಂಡು ಈ ಚಳೀಲಿ ಎಲ್ಲಿಗೆ ಹೋಗ್ತಾಳೆ, ಕ್ಯಾಪ್ಟನ್ನರೇ?" ಚಿಕ್ಕಪ್ಪ ಪಿಸುಗುಟ್ಟಿದ.

"ಬೆಳಿಗ್ಗೆ ಅವಳ ಬಾಗಿಲಲ್ಲಿ ಹುಕುಂ ಕಾಗದ ಓದು. ಅಧಿಕಪ್ರಸಂಗ ಬೇಡ."

ಆಗ ಕೇಳಿಸಿತು... ಬಾವಿಕಟ್ಟೆಯ ಆಚೆಯಿಂದ ಡೋಲು. ಡಬ್... ಡಬ್... ಡರ್‌ರ್... ಗಕ್ಕನೆ ನಿಂತಿತು. ಆಮೇಲೆ ಬಾವಿಯೊಳಗೆ ಹಲ್ಲು ಕಟಕಟ ಕಡಿಯೋ ಸದ್ದು.

"ಸೈಲಸ್... ಹೋದ್ರೇನೋ ಇಂಗ್ಲೆಂಡಿನವರು? ಮೇಲೆ ಬರ್ಲಾ?"

ಅದು ಕ್ಯಾಪ್ಟನ್ನನದೇ ದನಿ. ಕ್ಯಾಪ್ಟನ್ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದ!

"ನಿಮ್ಮ ದನಿ ಅಲ್ವಾ ಅದು...?"

"ಗಾಳಿ ಕಣೋ... ಗಾಳಿ!" ಅಂದವನೇ ಎದ್ದೆನೋ ಬಿದ್ದೆನೋ ಅಂತ ಓಡಿದ. ಓಡೋದು ಅವನಿಗೇನು ಹೊಸದಾ?

ಬೆಳಿಗ್ಗೆ ಮಾನಗೆಟ್ಟವನು ಕಾಗದ ಓದಿಸೋಕೆ ಮತ್ತೆ ಬಂದ. ಡಾರ್ಕಸ್ ನೀರು ಸೇದುತ್ತಿದ್ದಳು. ಬಕೆಟ್ಟಿನಲ್ಲಿ ಒಂದು ಟೋಪಿ ಬಂತು. ಕ್ಯಾಪ್ಟನ್ನನ ಟೋಪಿಗಿದ್ದಂಥದೇ ಹಿತ್ತಾಳೆ ಗುಂಡಿ. ಒಳಗೆ ಅವನ ಹೆಂಡತಿ ಕೆಂಪು ದಾರದಲ್ಲಿ ಹೊಲಿದ ಅವನದೇ ಹೆಸರು. ಕ್ಯಾಪ್ಟನ್ ತಲೆ ಮುಟ್ಟಿ ನೋಡಿಕೊಂಡ. ಅವನ ತೂತಿನ ಟೋಪಿ ತಲೆ ಮೇಲೇ ಇತ್ತು.

"ನಿಮ್ದೇ ಅಲ್ವೇನ್ರೀ ಇದು?" ಡಾರ್ಕಸ್ ಅದನ್ನ ಬೆಳಕಿಗೆ ಹಿಡಿದಳು. "ಅಯ್ಯೋ, ಇದಕ್ಕೆ ತೂತೇ ಇಲ್ವಲ್ಲ!"

ಅವನು ಚಿಕ್ಕಪ್ಪನ ಕೈಯಿಂದ ಕಾಗದ ಕಿತ್ತು ಹರಿದು ಹಾಕಿದ. ಆಮೇಲೆ ಆ ದಾರಿಯನ್ನೇ ತುಳಿಯಲಿಲ್ಲ. ಮುಂದಿನ ಚುನಾವಣೇನೂ ಗೆದ್ದ ಅನ್ನಿ, ನಮ್ಮೂರಿಗಾದರೂ ನಾಚಿಕೆ ಎಲ್ಲಿದೆ?

ಕತೆ ಕಟ್ತಿದ್ದೀನಿ ಅಂತೀರಾ? ಆ ಟೋಪಿ ಇವತ್ತಿಗೂ ಒಣಗಿಲ್ಲ. ಡಾರ್ಕಸ್ ಅದನ್ನ ಕೋಳಿಗೂಡಲ್ಲಿ ಇಟ್ಟಿದ್ದಾಳೆ... ಕೋಳಿಗಳು ಅದರಲ್ಲೇ ಮೊಟ್ಟೆ ಇಡ್ತವೆ. ಎರಡು ನಾನೇ ತಿಂದಿದ್ದೀನಿ.